ಕಾಲ್ವಿನ್ ಬೈಬಲ್ ಓದಿದ ರೀತಿ

16ನೇ ಶತಮಾನದಲ್ಲಿ ಜಿನೀವಾದಲ್ಲಿದ್ದ ಕ್ರೈಸ್ತ ಸುಧಾರಕ ಜಾನ್ ಕಾಲ್ವಿನ್ ಹೆಸರು ಎತ್ತಿದರೆ ಸಾಕು, ಯಾರಿಗೆ ರಕ್ಷಣೆ ಯಾರಿಗೆ ನಾಶನ ಅಂತ ದೇವರು ಮೊದಲೇ ತೀರ್ಮಾನ ಮಾಡಿದ್ದಾನಾ ಅನ್ನುವ ವಾದ ಶುರುವಾಗುತ್ತದೆ. ಆ ಜಗಳ ಬೇಕಾದಷ್ಟು ನಡೆದಿದೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಅವನು ದೇವರ ವಾಕ್ಯ ಓದುತ್ತಿದ್ದ ರೀತಿ. ಅದರ ಬಗ್ಗೆ ನಾವು ಮಾತೇ ಆಡುವುದಿಲ್ಲ.

ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡಕ್ಕೆ ಅವನು ಬರೆದ, 1554ರಲ್ಲಿ ಬಂದ ವ್ಯಾಖ್ಯಾನ ನೋಡಿ. ಮೊದಲ ಅಧ್ಯಾಯದ 16ನೇ ವಚನದಲ್ಲಿ ದೇವರು ಎರಡು ದೊಡ್ಡ ಬೆಳಕುಗಳನ್ನು ಮಾಡಿದ ಅಂತಿದೆ, ಸೂರ್ಯ ಮತ್ತು ಚಂದ್ರ. ಆದರೆ ಶನಿಗ್ರಹ ಚಂದ್ರನಿಗಿಂತ ದೊಡ್ಡದು ಅಂತ ಆ ಕಾಲದ ಖಗೋಳ ಪಂಡಿತರಿಗೆ ಗೊತ್ತಿತ್ತು. ಹಾಗಾದರೆ ಆದಿಕಾಂಡ ಬರೆದವನು ಅಂತ ನಂಬಲಾದ ಮೋಶೆ ತಪ್ಪು ಬರೆದನಾ? ಕಾಲ್ವಿನ್ ಸುತ್ತಿ ಬಳಸಿ ಮಾತಾಡುವುದಿಲ್ಲ. ಪಂಡಿತರು ಹೇಳುವುದು ಸರಿ, ಶನಿ ದೂರ ಇರುವುದರಿಂದ ಚಿಕ್ಕದಾಗಿ ಕಾಣುತ್ತದೆ, ಮೋಶೆ ಬರೆದದ್ದು ಓದು ಬಾರದ ಜನಕ್ಕೂ ತಿಳಿಯಲಿ ಅಂತ, ಅದಕ್ಕೇ ಕಣ್ಣಿಗೆ ಕಾಣುವ ಹಾಗೆ ಹೇಳಿದ ಅನ್ನುತ್ತಾನೆ. ಖಗೋಳ ಕಲಿಯಬೇಕಾದವರು ಬೇರೆ ಕಡೆ ಹೋಗಿ, ಆ ವಿದ್ಯೆಯನ್ನು ಹಳಿಯಬೇಡಿ ಅಂತಲೂ ಬರೆಯುತ್ತಾನೆ. ಭೂಮಿ ನಿಂತಲ್ಲೇ ನಿಂತಿದೆ ಅಂತ ನಂಬಿದ್ದ ಮನುಷ್ಯ ಇವನು! ಆದರೂ ವಾಕ್ಯಕ್ಕೂ ವಿಜ್ಞಾನಕ್ಕೂ ಸುಮ್ನೆ ಜಗಳ ಹಚ್ಚಲಿಲ್ಲ.

ಇದರ ಹಿಂದೆ ಒಂದು ನಂಬಿಕೆ ಇದೆ. ದಾದಿ ಕೂಸಿನ ಹತ್ತಿರ ತೊದಲಿದ ಹಾಗೆ ದೇವರು ನಮ್ಮ ಮಟ್ಟಕ್ಕೆ ಇಳಿದು ಮಾತಾಡುತ್ತಾನೆ, ಇದು ಕಾಲ್ವಿನ್‌ನ ಮಾತು. ದೇವರಿಗೆ ಕೈ, ಬಾಯಿ, ಕಣ್ಣು ಇದೆ ಅಂತ ಬೈಬಲ್ ಹೇಳುವುದನ್ನು ಅವನು ಹೀಗೇ ಅರ್ಥ ಮಾಡಿಕೊಂಡ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿದೆ. ತನ್ನ ಪಕ್ಷಕ್ಕೆ ಅನುಕೂಲ ಆಗುತ್ತದೆ ಅಂತ ಅವನು ವಚನವನ್ನು ಎಳೆಯುವುದಿಲ್ಲ. 'ನಾನೂ ತಂದೆಯೂ ಒಂದಾಗಿದ್ದೇವೆ' ಅನ್ನುವ ಯೋಹಾನ 10:30 ತ್ರಯೇಕತ್ವಕ್ಕೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ನಂಬಿಕೆಗೆ, ಸಾಕ್ಷಿ ಅಂತ ಹಿಂದಿನ ಸಭೆಯ ಪಂಡಿತರು ಬಳಸುತ್ತಿದ್ದರು. ತ್ರಯೇಕತ್ವವನ್ನು ಗಟ್ಟಿಯಾಗಿ ನಂಬಿದ್ದ ಕಾಲ್ವಿನ್, ಯೇಸು ಇಲ್ಲಿ ಹೇಳುತ್ತಿರುವುದು ತಂದೆಯ ಜೊತೆಗಿನ ಒಮ್ಮತವನ್ನು, ಹಿಂದಿನವರು ಈ ವಚನವನ್ನು ತಪ್ಪಾಗಿ ಬಳಸಿದರು ಅಂತ ಬರೆದ. ಇಂಥ ಓದಿಗೆ ಸಿಟ್ಟಾಗಿ, ಅವನು ಸತ್ತ ಎಷ್ಟೋ ವರ್ಷದ ಮೇಲೆ, 1593ರಲ್ಲಿ, ಈಗಿಡಿಯಸ್ ಹುನ್ನಿಯಸ್ ಅನ್ನುವ ಲುಥರನ್ (ಮಾರ್ಟಿನ್ ಲೂಥರನ ಪಂಥದ) ಪಂಡಿತ, ಕಾಲ್ವಿನ್ ಕ್ರಿಸ್ತನನ್ನು ನಂಬದ ಯೆಹೂದ್ಯರ ಹಾಗೆ ಓದುತ್ತಾನೆ ಅಂತ ಪುಸ್ತಕವನ್ನೇ ಬರೆದ.

ಯೋಹಾನನ ಸುವಾರ್ತೆಯ ಆ ವ್ಯಾಖ್ಯಾನ ಬಂದದ್ದು 1553ರಲ್ಲಿ. ಅದೇ ವರ್ಷ ಅಕ್ಟೋಬರ್ 27ರಂದು, ತ್ರಯೇಕತ್ವ ಒಪ್ಪಲಿಲ್ಲ ಅಂತ ಸ್ಪೇನಿನ ವೈದ್ಯ ಮಿಗೆಲ್ ಸೆರ್ವೆಟಸ್‌ನನ್ನು ಜಿನೀವಾದಲ್ಲಿ ಜೀವಂತ ಸುಟ್ಟರು. ಶಿಕ್ಷೆ ಕೊಟ್ಟದ್ದು ಊರಿನ ಆಡಳಿತ, ನಿಜ. ಸುಡುವ ಬದಲು ತಲೆ ಕಡಿಯಿರಿ ಅಂತ ಕಾಲ್ವಿನ್ ಕೇಳಿದ್ದೂ ನಿಜ. ಆದರೆ ಅವನನ್ನು ಹಿಡಿಸಿದವನು ಕಾಲ್ವಿನ್‌ನೇ, ಸಾಯಬೇಕು ಅಂದವನೂ ಅವನೇ. ಆ ಕಾಲ ಹಾಗಿತ್ತು ಅಂತ ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಆ ಕಾಲದಲ್ಲೇ ಸೆಬಾಸ್ಟಿಯನ್ ಕ್ಯಾಸ್ಟೆಲಿಯೋ ಅನ್ನುವ ಕ್ರೈಸ್ತ ಪಂಡಿತ ಇದು ಕೊಲೆ ಅಂತ ಬರೆದಿದ್ದ, ಅಲ್ವಾ?

ಇಷ್ಟಾದರೂ ಅವನ ವ್ಯಾಖ್ಯಾನಗಳನ್ನು ಓದಿ ಅಂತಲೇ ನಾನು ಹೇಳುತ್ತೇನೆ. ಸೃಷ್ಟಿಯ ಆರು ದಿನದ ಲೆಕ್ಕ ಹಿಡಿದು ಕಾಲೇಜು ಹುಡುಗರ ಜೊತೆ ಗುದ್ದಾಡುವ ಸಭಾಪಾಲಕರು, ಆ ಲೆಕ್ಕ ತೋರಿಸಿ ಬೈಬಲ್ಲನ್ನೇ ಪಕ್ಕಕ್ಕಿಡುವ ಹುಡುಗರು, ಇಬ್ಬರೂ ಮೊದಲು ಆ 16ನೇ ವಚನದ ಮೇಲೆ ಅವನು ಬರೆದದ್ದನ್ನು ಓದಲಿ. ಇಂಗ್ಲಿಷ್ ಅನುವಾದ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.