ಬೆಣ್ಣೆ ಎಕ್ಸ್‌ಟ್ರಾ, ಕ್ಯಾಲೊರಿ ಮಾಫಿ

ಮೊನ್ನೆ ಅಮ್ಮನ ಜೊತೆ ಮಾಲ್ ಒಂದರ ಹೋಟೆಲಿಗೆ ಹೋಗಿದ್ದೆ. ಮೆನುವಿನಲ್ಲಿ ಮಸಾಲೆ ದೋಸೆಯ ಪಕ್ಕ ಎರಡೆರಡು ಸಂಖ್ಯೆ. ಒಂದು ಬೆಲೆ, ಇನ್ನೊಂದು ಕ್ಯಾಲೊರಿ, ಎರಡೂ ಒಂದೇ ಸೈಜಿನ ಅಕ್ಷರ. ಅಮ್ಮ ದೊಡ್ಡ ಸಂಖ್ಯೆಯನ್ನೇ ಬೆಲೆ ಅಂದುಕೊಂಡು, ದೋಸೆಗೆ ಇಷ್ಟು ದುಡ್ಡಾ ಅಂತ ಚೀಲ ಎತ್ತಿಕೊಂಡು ಎದ್ದೇಬಿಟ್ಟರು. ಕೈ ಹಿಡಿದು ಕೂರಿಸಿದೆ.

ನನ್ನ ಕಣ್ಣು ಹೋಗಿದ್ದು ಕ್ಯಾಲೊರಿಯ ಕೊನೆಯ ಅಂಕಿಯ ಮೇಲೆ. 7. ಭಟ್ಟರು ಹಿಟ್ಟು ಹುಯ್ಯುವುದು ಕಣ್ಣಳತೆಯಲ್ಲಿ, ಎಣ್ಣೆ ಚಿಮುಕಿಸುವುದು ಕೈಗೆ ಬಂದಂತೆ, ಪಲ್ಯ ಇಡುವುದು ಆವತ್ತಿನ ಮೂಡಿನ ಪ್ರಕಾರ, ಆದರೆ ಲೆಕ್ಕ ಮಾತ್ರ ಬಿಡಿ ಸ್ಥಾನದವರೆಗೂ ಪಕ್ಕಾ! ಒಂದು ಗ್ರಾಂ ಕೊಬ್ಬಿಗೆ ಸುಮಾರು 9 ಕಿಲೋ ಕ್ಯಾಲೊರಿ. ಕೈ ಜಾರಿ ಒಂದು ಟೀ ಚಮಚ ಎಣ್ಣೆ ಜಾಸ್ತಿ ಬಿತ್ತೋ, 40 ಮೇಲೇರಿತು. ಆ 7 ಅಲ್ಲಿ ಏನು ಮಾಡುತ್ತಿದೆಯೋ ಪಾಪ.

ಇದು ಹೋಟೆಲಿನವರ ಶೋಕಿ ಅಲ್ಲ, ಕಾನೂನು. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ 2020ರಲ್ಲಿ ಮಾಡಿದ ನಿಯಮ, 2022ರಲ್ಲಿ ಜಾರಿಗೆ ಬಂತು. ಕೇಂದ್ರದ ಲೈಸೆನ್ಸ್ ಇರುವವರು, ಇಲ್ಲವೇ 10 ಅಥವಾ ಅದಕ್ಕಿಂತ ಜಾಸ್ತಿ ಕಡೆ ಅಂಗಡಿ ಇಟ್ಟವರು ಮೆನುವಿನಲ್ಲಿ ಕ್ಯಾಲೊರಿ ಹಾಕಬೇಕು. ನಮ್ಮ ಬೀದಿಯ ದರ್ಶಿನಿಗೆ ಇರುವುದು ಒಂದೇ ಅಂಗಡಿ. ಹಾಗಾಗಿ ಅಲ್ಲಿನ ದೋಸೆಯಲ್ಲಿ ಕಾನೂನಿನ ಪ್ರಕಾರ ಏನೂ ಇಲ್ಲ, ಬರೀ ಘಮ.

ನನಗೆ ತುಂಬಾ ಹಿಡಿಸಿದ್ದು ವಿನಾಯಿತಿಗಳು. ಗಿರಾಕಿ ಕೇಳಿ ಬದಲಾಯಿಸಿಕೊಂಡ ತಿಂಡಿಗೆ ಕ್ಯಾಲೊರಿ ಹಾಕಬೇಕಾಗಿಲ್ಲ. ಅಂದರೆ 'ಅಣ್ಣಾ, ಬೆಣ್ಣೆ ಸ್ವಲ್ಪ ಜಾಸ್ತಿ' ಅಂದ ತಕ್ಷಣ ದೋಸೆ ಲೆಕ್ಕದಿಂದ ಆಚೆ! ನಾವೇ ಹಾಕಿಕೊಳ್ಳುವ, ಮೆನುವಿನಲ್ಲಿಲ್ಲದ ಬಿಟ್ಟಿ ಚಟ್ನಿ ಗಿಟ್ನಿಗೂ ಲೆಕ್ಕವಿಲ್ಲ. ನಮ್ಮವರು ಎರಡು ಇಡ್ಲಿಗೆ ನಾಲ್ಕು ಸಲ ಚಟ್ನಿ ಹಾಕಿಸಿಕೊಳ್ಳುವವರು, ಈ ನಿಯಮ ಬರೆದವರು ಖಂಡಿತ ಒಮ್ಮೆಯಾದರೂ ನಮ್ಮ ಪಕ್ಕದಲ್ಲಿ ನಿಂತು ತಿಂದಿರಬೇಕು. ವರ್ಷಕ್ಕೆ 60 ದಿನಕ್ಕಿಂತ ಕಡಿಮೆ ಕೆಲಸ ಮಾಡುವ ಕೇಟರಿಂಗ್‌ನವರಿಗೂ ಮಾಫಿ. ಆಷಾಢ, ಶೂನ್ಯಮಾಸ ಕಳೆದರೆ ಒಳ್ಳೆ ಮುಹೂರ್ತ ಎಷ್ಟು ಉಳಿಯುತ್ತವೆ ಹೇಳಿ? ಹೋಳಿಗೆ ಮೇಲೆ ತುಪ್ಪ ಧಾರಾಳವಾಗಿ ಸುರಿಯಲಿ.

ಮೆನುವಿನಲ್ಲಿ ಇನ್ನೊಂದು ಸಾಲು ಇತ್ತು. ಚಟುವಟಿಕೆಯಿಂದಿರುವ ಸರಾಸರಿ ವಯಸ್ಕರಿಗೆ ದಿನಕ್ಕೆ 2,000 ಕಿಲೋ ಕ್ಯಾಲೊರಿ ಬೇಕು, ಒಬ್ಬೊಬ್ಬರಿಗೆ ಬೇರೆ ಬೇರೆ ಇರಬಹುದು ಅಂತ. ಎಸ್ಕಲೇಟರಿನಲ್ಲಿ ನಿಂತೇ ಮೂರನೇ ಮಹಡಿಗೆ ಬಂದಿದ್ದ ನಾನು ಆ 'ಬೇರೆ ಬೇರೆ'ಯಲ್ಲಿ ಎಲ್ಲಿ ಬರುತ್ತೇನೆ ಅಂತ ಯೋಚಿಸಿದೆ. ಜಾಸ್ತಿ ಹೊತ್ತು ಯೋಚಿಸಲಿಲ್ಲ, ಹಸಿವಾಗಿತ್ತು.

ಅಷ್ಟರಲ್ಲಿ ಸಪ್ಲೈಯರ್ ಬಂದ. ಕ್ಯಾಲೊರಿಯ ಮೇಲೆ ಬೆರಳಿಟ್ಟು, 'ಇದರಲ್ಲಿ ಸಾಂಬಾರು, ಚಟ್ನಿ ಎಲ್ಲಾ ಸೇರಿದೆಯಾ?' ಅಂತ ಕೇಳಿದೆ.

ಅವನು ಬಗ್ಗಿ ನೋಡಿದ. ಅಮ್ಮನ ಮುಖ ನೋಡಿದ.

'ಸೇರಿದೆ ಸರ್. ಅದಕ್ಕೆಲ್ಲಾ ಬೇರೆ ಚಾರ್ಜ್ ಇಲ್ಲ, ಎಷ್ಟು ಬೇಕಾದರೂ ಹಾಕಿಸಿಕೊಳ್ಳಿ.'