ಮಹಾಪರಿಶುದ್ಧ ಸ್ಥಳದಲ್ಲಿ ಆರೋನನ ಮೈಮೇಲೆ ಚಿನ್ನವಿರಲಿಲ್ಲ

ಮೋಶೆಯ ಅಣ್ಣ, ಇಸ್ರಾಯೇಲರ ಮೊದಲ ಮಹಾಯಾಜಕ ಆರೋನನ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದು: ಎದೆಯ ಮೇಲೆ ಹನ್ನೆರಡು ರತ್ನಗಳ ಪದಕ, ಹಣೆಯಲ್ಲಿ ಚಿನ್ನದ ಪಟ್ಟಿ, ಎದುರಿಗೆ ಒಡಂಬಡಿಕೆಯ ಮಂಜೂಷ (ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆ), ಸಾಲದ್ದಕ್ಕೆ ಕಾಲಿಗೊಂದು ಹಗ್ಗ. ಹಗ್ಗದ ಮಾತು ಬೈಬಲಿನಲ್ಲಿಲ್ಲ, ಯೆಹೂದಿ ಧರ್ಮಶಾಸ್ತ್ರಗಳಾದ ಮಿಶ್ನಾದಲ್ಲಿಲ್ಲ, ತಾಲ್ಮುದಿನಲ್ಲೂ ಇಲ್ಲ. ಅದು ಎಷ್ಟೋ ಶತಮಾನಗಳ ನಂತರ ಸೇರಿಕೊಂಡದ್ದು. ಅದನ್ನಾದರೂ ಬಿಡಬಹುದು. ಮಂಜೂಷದ ಮುಂದೆ ಚಿನ್ನ ತೊಟ್ಟು ನಿಂತ ಆರೋನನನ್ನು ಮಾತ್ರ ಒಪ್ಪಲಾಗದು, ಏಕೆಂದರೆ ಅವನ ಕಥೆಯ ತಿರುಳು ಅಲ್ಲೇ ಕಳೆದುಹೋಗುತ್ತದೆ.

ಬೈಬಲಿನ ವಿಮೋಚನಾಕಾಂಡದ 28ನೆಯ ಅಧ್ಯಾಯದ ಪ್ರಕಾರ ಮಹಾಯಾಜಕನ ಉಡುಪು ಎಂಟು. ಏಫೋದ್ ಎಂಬ ಮೇಲುಡುಪಿನ ಭುಜಪಟ್ಟಿಗಳ ಮೇಲೆ ಎರಡು ಕಲ್ಲು, ಒಂದೊಂದರಲ್ಲಿ ಇಸ್ರಾಯೇಲಿನ ಆರು ಕುಲಗಳ ಹೆಸರು. ಎದೆಪದಕ ಗೇಣುದ್ದ, ಗೇಣಗಲ, ಎರಡು ಪದರ. ನಾಲ್ಕು ಸಾಲಿನಲ್ಲಿ ಮೂರು ಮೂರು ರತ್ನ. ನೀಲಿ ನಿಲುವಂಗಿಯ ಅಂಚಿಗೆ ಚಿನ್ನದ ಗೆಜ್ಜೆ, ನಡುನಡುವೆ ನೂಲಿನ ದಾಳಿಂಬೆ. ಇದೆಲ್ಲ ದಿನನಿತ್ಯದ ಸೇವೆಗೆ, ದೀಪ ಸರಿಮಾಡಲು, ಧೂಪ ಹಾಕಲು.

ಏಳನೆಯ ತಿಂಗಳ ಹತ್ತನೆಯ ದಿನ, ದೋಷಪರಿಹಾರದ ದಿನ, ಪರದೆಯ ಆಚೆ, ಮಂಜೂಷವಿರುವ ಮಹಾಪರಿಶುದ್ಧ ಸ್ಥಳಕ್ಕೆ ಹೋಗಬೇಕಾದಾಗ ಯಾಜಕಕಾಂಡ 16 ಬೇರೆಯೇ ವಿಧಿ ಹೇಳುತ್ತದೆ. ಚಿನ್ನವೆಲ್ಲ ಹೊರಗೆ. ಮೈ ತೊಳೆದು ನಾರುಬಟ್ಟೆಯ ಅಂಗಿ, ಚಡ್ಡಿ, ನಡುಕಟ್ಟು, ಪೇಟ ಈ ನಾಲ್ಕನ್ನೇ ತೊಡಬೇಕು. ಮೊದಲು ತನ್ನ ಮತ್ತು ತನ್ನ ಮನೆಯವರ ಪಾಪಕ್ಕೆ ಹೋರಿಯನ್ನು ವಧಿಸಬೇಕು. ಆಮೇಲೆ ಯಜ್ಞವೇದಿಯ ಕೆಂಡ ತುಂಬಿದ ಧೂಪಾರತಿ, ಬೊಗಸೆ ತುಂಬ ನುಣ್ಣಗೆ ಕುಟ್ಟಿದ ಧೂಪ. ಕೆಂಡಕ್ಕೆ ಧೂಪ ಬಿದ್ದು ಹೊಗೆ ಕೃಪಾಸನವನ್ನು, ಅಂದರೆ ಮಂಜೂಷದ ಮುಚ್ಚಳವನ್ನು, ಮರೆಮಾಡಬೇಕು, ಇಲ್ಲವಾದರೆ ಸಾಯುತ್ತಾನೆ. ಇದು ಬರಿಯ ಬೆದರಿಕೆಯಲ್ಲ: ಅಧ್ಯಾಯ ಶುರುವಾಗುವುದೇ ಆರೋನನ ಇಬ್ಬರು ಮಕ್ಕಳ ಸಾವನ್ನು ನೆನೆದು. ನಾದಾಬ್, ಅಬೀಹೂ ಅಪ್ಪಣೆಯಿಲ್ಲದ ಬೆಂಕಿ ತಂದು ಸುಟ್ಟುಹೋಗಿದ್ದರು. ಆಮೇಲೆ ಹೋರಿಯ ರಕ್ತವನ್ನು ಬೆರಳಿನಿಂದ ಕೃಪಾಸನದ ಮೇಲೆ, ಅದರ ಮುಂದೆ ಏಳು ಸಾರಿ ಚಿಮುಕಿಸಬೇಕು. ಜನರ ಪಾಪಕ್ಕೆ ಎರಡು ಹೋತ, ಚೀಟು ಹಾಕಿ ಒಂದನ್ನು ಬಲಿಗೆ, ಇನ್ನೊಂದನ್ನು ಅಡವಿಗೆ.

ಚಿನ್ನ ಏಕೆ ಬೇಡ? ತಾಲ್ಮುದಿನ ಪಂಡಿತರ ಉತ್ತರ ನೇರವಾಗಿದೆ: ದೂರು ಹೇಳಿದವನೇ ವಕೀಲನಾಗಲಾರ. ಚಿನ್ನವೆಂದರೆ ಇಸ್ರಾಯೇಲರು ದೇವರೆಂದು ಪೂಜಿಸಿದ ಬಂಗಾರದ ಕರುವಿನ ನೆನಪು. ಜನರ ಚಿನ್ನದ ಕಿವಿಯೋಲೆಗಳನ್ನು ತರಿಸಿ ಆ ಕರುವನ್ನು ಮಾಡಿಕೊಟ್ಟವನು ಆರೋನನೇ. ಅವನು ಸೇವೆ ಆರಂಭಿಸಿದ ದಿನ ತನ್ನ ಪಾಪಪರಿಹಾರಕ್ಕೆ ತರಬೇಕಾದದ್ದೂ ಒಂದು ಕರು (ಯಾಜಕಕಾಂಡ 9). ಇದು ಆ ಕರುವಿನ ಲೆಕ್ಕ ತೀರಿಸಲೆಂದೇ ಎಂದು ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರ ರಾಶಿ ಬರೆದಿದ್ದಾರೆ. ಅಪರಾಧವನ್ನು ಮುಚ್ಚಿಡದೆ, ಅದರ ಮೇಲೆಯೇ ಯಾಜಕತ್ವವನ್ನು ಕಟ್ಟಿದ ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕುರ್‌ಆನ್ ಬೇರೆ ಕಡೆಯಿಂದ ನೋಡುತ್ತದೆ. ಅಲ್ಲಿ ಆರೋನನೇ ಹಾರೂನರು, ಪ್ರವಾದಿ. ಏಫೋದೂ ಇಲ್ಲ, ಎದೆಪದಕವೂ ಇಲ್ಲ. ಕರು ಮಾಡಿದವನು ಸಾಮಿರಿ ಎಂಬಾತ. ಹಾರೂನರು ಜನರನ್ನು ತಡೆದರು, ಜನ ಕೇಳಲಿಲ್ಲ. ಮೂಸಾ (ಮೋಶೆ) ಸಿಟ್ಟಿನಿಂದ ತಲೆ ಹಿಡಿದೆಳೆದಾಗ ಹಾರೂನರ ಮಾತು: ನನ್ನ ತಾಯಿಯ ಮಗನೇ, ಗಡ್ಡ ಹಿಡಿಯಬೇಡ, ಜನ ನನ್ನನ್ನು ದುರ್ಬಲನೆಂದು ಬಗೆದು ಇನ್ನೇನು ಕೊಂದೇಬಿಡುತ್ತಿದ್ದರು, ಬನೀ ಇಸ್ರಾಯೀಲರನ್ನು (ಇಸ್ರಾಯೇಲರನ್ನು) ಒಡೆದೆ ಎಂದು ನೀನು ದೂರುವೆಯೆಂದು ಹೆದರಿದೆ.

ಈ ವ್ಯತ್ಯಾಸವನ್ನೇ ಹಿಡಿದು, ಬೈಬಲಿನ ಕಥೆಯನ್ನು ಕುರ್‌ಆನಿನಲ್ಲಿ ಒಬ್ಬರು "ತಿದ್ದಿದ್ದಾರೆ" ಎನ್ನುತ್ತಾರೆ, ಇನ್ನೊಬ್ಬರು "ಕೆಡಿಸಿದ್ದಾರೆ" ಎನ್ನುತ್ತಾರೆ. ಇಬ್ಬರೂ ಯೆಹೂದಿ ವ್ಯಾಖ್ಯಾನಗಳನ್ನು ಓದಿಲ್ಲ. ತಡೆಯಲು ಹೋದ ಹೂರ್ ಎಂಬುವನನ್ನು ಜನ ಕೊಂದದ್ದನ್ನು ಕಂಡು ಆರೋನ ಹೆದರಿದ ಎಂಬ ಮಾತು ಅಲ್ಲೇ ಇದೆ. ಜೀವಭಯದ ಸಂಗತಿ ಎರಡೂ ಪರಂಪರೆಗಳಿಗೆ ಗೊತ್ತು. ಯಾಜಕನಿಗೆ ತನ್ನ ಪಾಪಕ್ಕೂ ಬಲಿ ಬೇಕು, ಹಾಗಾಗಿ ಬೈಬಲಿನಲ್ಲಿ ತಪ್ಪು ದಾಖಲಾಗಿದೆ. ಪ್ರವಾದಿ ವಿಗ್ರಹ ಮಾಡುವುದೆಂದರೆ ಸಂದೇಶವೇ ಸುಳ್ಳಾದಂತೆ, ಹಾಗಾಗಿ ಕುರ್‌ಆನಿನಲ್ಲಿ ಖುಲಾಸೆಯಾಗಿದೆ. ಒಂದರ ಆರೋನನನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯುವುದು ಇಬ್ಬರಿಗೂ ಮಾಡುವ ಅನ್ಯಾಯ.

ವಾದಕ್ಕಿಳಿಯುವ ಮುನ್ನ ವಿಮೋಚನಾಕಾಂಡ 28 ಮತ್ತು 32, ಯಾಜಕಕಾಂಡ 9, 10, 16 ಇವನ್ನು ಇದೇ ಕ್ರಮದಲ್ಲಿ ಓದಿ. ಆಮೇಲೆ ಕುರ್‌ಆನಿನ ಸೂರಃ (ಅಧ್ಯಾಯ) ತಾಹಾದ 83ರಿಂದ 98, ಅಲ್ ಅಅ್‌ರಾಫಿನ 148ರಿಂದ 151. ಎಲ್ಲವೂ ಕನ್ನಡದಲ್ಲೇ ಸಿಗುತ್ತವೆ.