ಸ್ಪಷ್ಟನೆ: ಸರ್ಕಾರಿ ಕಾಡಾದರೂ ಬೇಟೆಗೆ ಟ್ಯಾಗ್ ಬೇಕೇ ಬೇಕು

"ಅಮೆರಿಕದ ಪಶ್ಚಿಮ ರಾಜ್ಯಗಳ ಸರ್ಕಾರಿ ಕಾಡು ಎಲ್ಲರದ್ದು, ಲೈಸೆನ್ಸ್ ಇಲ್ಲದೆಯೇ ಜಿಂಕೆ, ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹೊಡೆಯಬಹುದು" ಎಂಬ ಮೆಸೇಜ್ ಓಡಾಡುತ್ತಿದೆ. ಅದರಲ್ಲಿ ಮೊದಲರ್ಧ ಮಾತ್ರ ಸರಿ. ಆ ಕಾಡುಗಳಲ್ಲಿ ಹೆಚ್ಚಿನವು ಕೇಂದ್ರ ಸರ್ಕಾರದ್ದು. ಆದರೆ ಬೇಟೆಯ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಅದರ ಜೊತೆ ಹೊಡೆಯುವ ಪ್ರಾಣಿಗೊಂದು ಟ್ಯಾಗ್, ಅಂದರೆ ಆ ಒಂದು ಪ್ರಾಣಿಯನ್ನು ಹೊಡೆಯಲು ಅನುಮತಿ ಚೀಟಿ, ಬೇಕು. ಬಹಳ ಕಡೆ ಟ್ಯಾಗನ್ನು ಲಾಟರಿ ಎತ್ತಿ ಹಂಚುತ್ತಾರೆ, ಅರ್ಜಿಯನ್ನು ತಿಂಗಳುಗಟ್ಟಲೆ ಮೊದಲೇ ಹಾಕಬೇಕು. ಹೊರರಾಜ್ಯದವರಿಗೆ ಶುಲ್ಕವೂ ಜಾಸ್ತಿ. ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ಒಳಗಂತೂ ಬೇಟೆಯೇ ಇಲ್ಲ.

ವಯೋಮಿಂಗ್ ರಾಜ್ಯದ್ದು ಇನ್ನೂ ವಿಚಿತ್ರ. ಅಲ್ಲಿ 'ವಿಲ್ಡರ್ನೆಸ್' (ಮನುಷ್ಯರ ಕೈ ಸೋಕದಂತೆ ಹಾಗೇ ಉಳಿಸಿದ ಪ್ರದೇಶ) ಎಂದು ಘೋಷಿಸಿದ ಕೇಂದ್ರದ ಕಾಡಿನಲ್ಲಿ ಹೊರಗಿನವರು ಒಬ್ಬರೇ ಹೋಗಿ ಎಲ್ಕ್ ಬೇಟೆಯಾಡುವಂತಿಲ್ಲ. ಲೈಸೆನ್ಸ್ ಇರುವ ಗೈಡ್ ಇರಬೇಕು, ಇಲ್ಲವೇ ಅನುಮತಿ ಪಡೆದ ಆ ರಾಜ್ಯದ ನಿವಾಸಿ ಜೊತೆಗಿರಬೇಕು. ಅದೇ ಕಾಡಿನಲ್ಲಿ ಸುಮ್ನೆ ಚಾರಣ ಮಾಡುವುದಕ್ಕೆ ಗೈಡ್ ಬೇಡ!